ದಿಂಬಿನ ಕವರ್ ಹಿಂದೆ ಎರಡು ಅಳಿಲು

ಟಕ್.

ನಡುರಾತ್ರಿಯ ಮನೆಯಲ್ಲಿ ಅಷ್ಟೇ ಸದ್ದು. ಬೀದಿ ದೀಪ ಆರಿದೆ, ತಲೆಯ ಮೇಲಿನ ಫ್ಯಾನು ಸುಸ್ತಾದಂತೆ ನಿಲ್ಲುತ್ತಿದೆ. ಮಂಚದ ಮೇಲಿನ ಹೆಂಗಸು ಕಣ್ಣು ತೆರೆಯುವುದಿಲ್ಲ, ಕಿವಿಯನ್ನಷ್ಟೇ ತೆರೆಯುತ್ತಾರೆ. ಕರೆಂಟು ಹೋಗಿದೆ, ಪಕ್ಕದ ಕೋಣೆಯ ಬ್ಯಾಟರಿ ಹೊರೆಯನ್ನು ಹೆಗಲಿಗೆ ತೆಗೆದುಕೊಂಡಿದೆ, ಮೂರು ಕಂಪ್ಯೂಟರುಗಳೂ ಓಡುತ್ತಲೇ ಇವೆ. ಇಷ್ಟನ್ನೂ ಆ ಒಂದು ಸದ್ದು ಅವರಿಗೆ ಹೇಳಿ ಮುಗಿಸಿದೆ. ಮಗ್ಗುಲು ಬದಲಿಸಿ ಮತ್ತೆ ನಿದ್ದೆಗೆ ಜಾರುತ್ತಾರೆ.

"ಮನೆಗೆ ಕಳ್ಳ ನುಗ್ಗಿದ್ರೂ ಇವಳಿಗೆ ಎಚ್ಚರ ಆಗಲ್ಲ. ಆ ಬ್ಯಾಟರಿ ಪೆಟ್ಟಿಗೆ ಸೀನಿದ್ರೆ ಮಾತ್ರ ಗೊತ್ತಾಗತ್ತೆ," ಎಂದು ಅವರ ಅತ್ತೆ ಬೆಳಿಗ್ಗೆ ದೂರು ಹೇಳುತ್ತಾರೆ. ದೂರಿನ ದನಿಯಲ್ಲಿ ಹೆಮ್ಮೆಯೇ ಒಂದು ತೂಕ ಹೆಚ್ಚು.

ಬೆಳಕು ಹರಿಯುವ ಹೊತ್ತಿಗೆ ಸೊಸೆ ಆ ಕೋಣೆಯಲ್ಲಿದ್ದಾರೆ. ಹಿಂದೆ ಮುರಿದ ಕುರ್ಚಿ, ಹಳೆಯ ಹಾಸಿಗೆ ತುಂಬಿಡುತ್ತಿದ್ದ ಜಾಗ ಅದು. ಒಂದೇ ಕಿಟಕಿ. ಗೋಡೆಗೆ ತಾಗದಂತೆ ಇಟ್ಟ ಮೇಜಿನ ಮೇಲೆ ಪಕ್ಕದ ತಗಡು ಬಿಚ್ಚಿದ ಮೂರು ಕಂಪ್ಯೂಟರುಗಳಿದ್ದು, ಒಂದು ಟೇಬಲ್ ಫ್ಯಾನು ಅವುಗಳ ಕಡೆಗೇ ಮುಖಮಾಡಿದೆ. ವೈರುಗಳನ್ನು ಹಳೆಯ ಬಟ್ಟೆಯ ಪಟ್ಟಿಗಳಿಂದ ಕಟ್ಟಿದ್ದಾರೆ. ಎಲ್ಲಿ ಕಾಲಿಟ್ಟರೆ ಏನು ಕಳಚುತ್ತದೋ ಎಂದು, ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನಾನು ಬಾಗಿಲಲ್ಲೇ ನಿಲ್ಲುತ್ತೇನೆ. ಅವರು ಮಾತ್ರ ಒಂದೊಂದೇ ಯಂತ್ರಕ್ಕೆ ಕೈಯ ಹಿಂಭಾಗ ತಾಗಿಸಿ, ಮಗುವಿನ ಜ್ವರ ನೋಡುವಂತೆ ನೋಡುತ್ತಾರೆ. ಮಧ್ಯದ ಪರದೆಯ ಮೇಲೆ ಒಂದು ದಿಂಬಿನ ಕವರ್ ಇಳಿಬಿದ್ದಿದೆ. ತಿಳಿನೀಲಿ, ಒಗೆದು ಒಗೆದು ಹೂವುಗಳು ಅರ್ಧ ಅಳಿಸಿವೆ. ಅದನ್ನು ಅವರು ಎತ್ತುವುದಿಲ್ಲ.

"ಇನ್ನೂ ಗಂಟೆ ಹೊಡೆದಿಲ್ಲ. ನಡೀರಿ, ಟೀ ಕುಡಿಯೋಣ," ಎನ್ನುತ್ತಾರೆ.

ಆ ಕವರ್ ಹಿಂದೆ ಎರಡು ಅಳಿಲುಗಳು ಚೆಸ್ ಆಡುತ್ತಿವೆ. ಅಳಿಲು ಎಂಬುದು ಚೆಸ್ ಆಡುವ ಒಂದು ಪ್ರೋಗ್ರಾಂ. ಇವರ ಮಾವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಂಜಿನಿಯರಾಗಿದ್ದಾಗ ಸಂಜೆ ಹೊತ್ತಿನ ಹುಚ್ಚಿಗೆ ಬರೆಯತೊಡಗಿದ್ದು. ಈಗ ಬೇರೆ ಬೇರೆ ಊರುಗಳಲ್ಲಿರುವ ಆರೇಳು ಮಂದಿ ಅದನ್ನು ತಿದ್ದುತ್ತಾರೆ. ಯಾರಿಗೂ ಸಂಬಳವಿಲ್ಲ. ವರ್ಷಕ್ಕೊಮ್ಮೆ ಪ್ರೋಗ್ರಾಂಗಳ ನಡುವೆಯೇ ನಡೆಯುವ ಪಂದ್ಯಾವಳಿಯಲ್ಲಿ ಅಳಿಲು ಹಲವು ಬಾರಿ ಮೇಲಿನ ಸ್ಥಾನಗಳಲ್ಲಿ ನಿಂತಿದೆ. ಅಲ್ಲಿ ಬರೆದವರ ಹೆಸರುಗಳು ಪ್ರಕಟವಾಗುತ್ತವೆ. ಪರೀಕ್ಷೆ ಮಾಡಿದವರ ಹೆಸರು ಹಾಕಲು ಅಲ್ಲಿ ಜಾಗವೇ ಇಲ್ಲ. ಬರೆದವರು ತಂದ ಪ್ರತಿಯೊಂದು ಉಪಾಯಕ್ಕೂ 'ಸೇರಲಿ' ಅಥವಾ 'ಬೇಡ' ಎನ್ನುವವರು ಇವರೊಬ್ಬರೇ. ಗುಂಪಿನವರು ಇವರನ್ನು ಅಂಪೈರಕ್ಕ ಎನ್ನುತ್ತಾರೆ.

ಚೆಸ್ ಪ್ರೋಗ್ರಾಂ ಯೋಚಿಸುವ ರೀತಿ ಮರ ಹತ್ತಿದಂತೆ. ನಾನು ಹೀಗೆ ನಡೆಸಿದರೆ ಅವನು ಹಾಗೆ, ಆಗ ನಾನು ಹೀಗೆ. ಒಂದು ಕೊಂಬೆಗೆ ಮೂವತ್ತು ಕೊಂಬೆ, ಆ ಒಂದೊಂದಕ್ಕೂ ಮತ್ತೆ ಮೂವತ್ತು. ಎಲ್ಲವನ್ನೂ ತುದಿಯವರೆಗೆ ಹತ್ತಿ ನೋಡಲು ಯಾವ ಯಂತ್ರದ ಆಯುಷ್ಯವೂ ಸಾಲದು. ಹಾಗಾಗಿ ಪ್ರಯೋಜನವಿಲ್ಲವೆಂದು ತೋರುವ ಕೊಂಬೆಗಳನ್ನು ಹತ್ತದೆಯೇ ಸವರಿಹಾಕಬೇಕು. ಯಾವುದನ್ನು ಸವರಬೇಕೆಂದು ಹೇಳುವ ಒಂದೊಂದು ನಿಯಮಕ್ಕೂ ಈ ಮನೆಯಲ್ಲಿ 'ಕತ್ತರಿ' ಎಂದು ಹೆಸರು.

"ಕೀ ಕಳೆದುಹೋಯ್ತು ಅಂದ್ಕೊಳ್ಳಿ," ಅಂಪೈರಕ್ಕ ಅಡುಗೆಮನೆಯ ಮಣೆಯ ಮೇಲೆ ಕುಳಿತು ಹೇಳುತ್ತಾರೆ. "ಜೇಬು ನೋಡ್ತೀರಿ, ಮೇಜು ನೋಡ್ತೀರಿ, ಬಾಗಿಲಲ್ಲೇ ಬಿಟ್ನಾ ಅಂತ ನೋಡ್ತೀರಿ. ಫ್ರಿಜ್ ಒಳಗೆ ಯಾರಾದ್ರೂ ಹುಡುಕ್ತಾರಾ? ಇಲ್ಲ. ಅದೇ ಕತ್ತರಿ. ಟೈಮ್ ಉಳೀತು. ಆದ್ರೆ ನಮ್ಮನೆಯವರ ಸ್ಕೂಟರ್ ಕೀ ಒಂದ್ಸಲ ಫ್ರಿಜ್ಜಲ್ಲೇ ಸಿಕ್ತು, ಹಾಲಿನ ಪಾತ್ರೆ ಪಕ್ಕ. ಫ್ರಿಜ್ ನೋಡದೆ ಬಿಟ್ಟಿದ್ರಿಂದ ಲಾಭ ಜಾಸ್ತಿನಾ, ನಷ್ಟ ಜಾಸ್ತಿನಾ? ಅದನ್ನ ಹೇಳೋದು ನನ್ನ ಕೆಲಸ. ಒಂದ್ಸಲ ಕಳೆದು ನೋಡಿದ್ರೆ ಸಾಲದು, ಸಾವಿರಾರು ಸಲ ಕಳೀಬೇಕು."

"ಕಳೆಯೋ ಕೆಲಸಕ್ಕೆ ನನ್ನ ಮಗನ್ನ ಕೂರಿಸಿಕೋ. ಸಂಬಳ ಇಲ್ದೇನೆ ಮಾಡ್ತಾನೆ," ಒಲೆಯ ಮುಂದಿನಿಂದ ಅತ್ತೆಯ ದನಿ. ಆ ಮಗ, ಅಂದರೆ ಅಂಪೈರಕ್ಕನ ಗಂಡ, ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದು ಒಳಗೆ ಮಲಗಿದ್ದಾರೆ.

ಪರೀಕ್ಷೆಯ ಕ್ರಮ ಹೇಳಲು ಸರಳ. ಕತ್ತರಿ ಇರುವ ಅಳಿಲು ಒಂದು ಕಡೆ, ಇಲ್ಲದ ಅಳಿಲು ಇನ್ನೊಂದು ಕಡೆ. ಒಂದೇ ಆರಂಭದಿಂದ ಎರಡು ಆಟ, ಬಿಳಿ ಕಾಯಿ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ. ಯಾರೂ ಅನ್ಯಾಯವಾಯಿತು ಎನ್ನುವಂತಿಲ್ಲ. ಒಂದು ಆಟ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಒಂದೊಂದು ಯಂತ್ರದಲ್ಲೂ ಆರೇಳು ಆಟ ಒಟ್ಟಿಗೇ ನಡೆಯುವುದರಿಂದ ರಾತ್ರಿ ಬೆಳಗಾಗುವುದರೊಳಗೆ ಇಪ್ಪತ್ತು ಸಾವಿರದಷ್ಟು ಆಟಗಳಾಗುತ್ತವೆ. ವ್ಯತ್ಯಾಸ ಕೂದಲೆಳೆಯಷ್ಟಿದ್ದರೆ ಮೂರು ನಾಲ್ಕು ರಾತ್ರಿಯೂ ಹಿಡಿಯುವುದುಂಟು. ಉತ್ತರ ಖಚಿತವಾದಾಗ ಯಂತ್ರವೇ ಆಟ ನಿಲ್ಲಿಸಿ ಗಂಟೆ ಬಾರಿಸುತ್ತದೆ. ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ನೋಡಲೂಬಾರದು. ದಿಂಬಿನ ಕವರ್ ಇರುವುದು ಅದಕ್ಕೆ.

"ನೋಡಿದ್ರೆ ಏನಾಗುತ್ತೆ?" ಎಂದು ಕೇಳುತ್ತೇನೆ.

"ನಮ್ಮತ್ತೆ ಜೊತೆ ಇಸ್ಪೀಟ್ ಆಡಿ ನೋಡಿ. ಅವರು ಮುಂದಿದ್ದಾಗ, 'ಸಾಕಮ್ಮ, ಕೆಲಸ ಇದೆ' ಅಂತ ಎದ್ದುಬಿಡ್ತಾರೆ. ಹಿಂದಿದ್ರೆ, 'ಇನ್ನೊಂದೇ ಒಂದು ಆಟ' ಅಂತಾರೆ. ಮದುವೆ ಆದಾಗಿಂದ ನಾನು ಒಂದ್ಸಲಾನೂ ಗೆದ್ದಿಲ್ಲ."

"ಗೆಲ್ಲೋಕೆ ಆಟ ಬರ್ಬೇಕು," ಎನ್ನುತ್ತಾರೆ ಅತ್ತೆ.

"ಅದೇ ತಪ್ಪು ನಮ್ಮಲ್ಲೂ ಆಗತ್ತೆ," ಅಂಪೈರಕ್ಕ ನಗುತ್ತಲೇ ಮುಂದುವರಿಸುತ್ತಾರೆ. "ಬರೆದವರಿಗೆ ತಮ್ಮ ಕತ್ತರಿ ಮೇಲೆ ಆಸೆ ಇರತ್ತೆ. ಮಧ್ಯದಲ್ಲಿ ಇಣುಕಿ ನೋಡ್ತಾರೆ, ಮುಂದಿದೆ. ಗೆದ್ದಿತು ಅಂತ ನಿಲ್ಲಿಸಿಬಿಡ್ತಾರೆ. ಇನ್ನೂ ಆಡೋಕೆ ಬಿಟ್ಟಿದ್ರೆ ಹಿಂದೆ ಬೀಳ್ತಿತ್ತೇನೋ, ಗೊತ್ತೇ ಆಗಲ್ಲ. ಮುಂದಿದ್ದಾಗಲೇ ಆಟ ಮುಗೀತು ಅನ್ನೋದಾದ್ರೆ ಯಾರೂ ಯಾವತ್ತೂ ಸೋಲಲ್ಲ."

ಈ ಮಾತು ಅವರಿಗೆ ಪುಸ್ತಕದಿಂದಷ್ಟೇ ಬಂದದ್ದಲ್ಲ. ಓದಿದ್ದು ಸಂಖ್ಯಾಶಾಸ್ತ್ರ, ಹಗಲಿನ ಕೆಲಸ ಸ್ವಿಚ್ಚು ತಯಾರಿಸುವ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ. ಅಲ್ಲಿ ಸಾಲಾಗಿ ಜೋಡಿಸಿದ ಸ್ವಿಚ್ಚುಗಳನ್ನು ಒಂದು ಯಂತ್ರ ಬಿಡದೆ ಒತ್ತುತ್ತದೆ, ಸಾಯುವವರೆಗೆ. ನೂರಾರು ಟಕ್‌ಗಳ ನಡುವೆ ಒಂದು ಸ್ವಿಚ್ಚು ದನಿ ಬದಲಿಸಿದರೆ ಇವರ ತಲೆ ತಾನಾಗಿ ಅತ್ತ ತಿರುಗುತ್ತದೆ. "ಸ್ವಿಚ್ಚಿನ ಟಕ್ ಬೇರೆ, ಬ್ಯಾಟರಿ ಟಕ್ ಬೇರೆ, ಕೀಬೋರ್ಡಿಂದು ಬೇರೆ. ಒಂದನ್ನ ಇನ್ನೊಂದು ಅಂದ್ಕೊಳ್ಳೋಕೆ ಆಗಲ್ಲ. ನಿಮಗೆ ನಿಮ್ಮ ಮನೆಯವರ ಕೆಮ್ಮು ಗೊತ್ತಾಗಲ್ವಾ, ಹಾಗೆ."

ಅವರು ಸೊಸೆಯಾಗಿ ಬಂದಾಗ ಮಾವನ ಪರೀಕ್ಷೆ ಬೇರೆ ತರಹ ಇತ್ತು. ಹೊಸ ಕತ್ತರಿ ಹಾಕಿ ಮೂವತ್ತು ಆಟ ಆಡಿಸುವುದು, ಹೆಚ್ಚು ಗೆದ್ದರೆ ಇಟ್ಟುಕೊಳ್ಳುವುದು. ಹೊಸ ಸೊಸೆ ಒಂದು ಸಂಜೆ ಬಾಗಿಲಲ್ಲಿ ನಿಂತು, "ಮಾವ, ಮೂವತ್ತಕ್ಕೇ ನಂಬಿಬಿಟ್ರಾ?" ಎಂದು ಕೇಳಿಬಿಟ್ಟರು. ಎರಡು ದಿನ ಬಿಟ್ಟು ಮಾವ ತಮ್ಮ ಎರಡನೆಯ ಕಂಪ್ಯೂಟರನ್ನು ಎತ್ತಿಕೊಂಡು ಬಂದು ಸೊಸೆಯ ಮುಂದಿಟ್ಟು, "ತಗೋಮ್ಮ. ಎಷ್ಟು ಆಡಿಸ್ಬೇಕೋ ಆಡಿಸು," ಎಂದರು.

ಅಲ್ಲಿಂದ ಸುಲಭದ ದಾರಿಯೇನೂ ಇರಲಿಲ್ಲ. ಬೇಸಿಗೆಯಲ್ಲಿ ಯಂತ್ರಗಳು ಕಾದು ನಿಧಾನವಾಗುತ್ತಿದ್ದವು. ಒಂದು ರಾತ್ರಿ ಟೇಬಲ್ ಫ್ಯಾನು ಕೆಟ್ಟಾಗ ಅಂಪೈರಕ್ಕ ರಟ್ಟು ಹಿಡಿದು ಗಾಳಿ ಬೀಸಿದ್ದನ್ನು ಅತ್ತೆ ಈಗಲೂ ನೆಂಟರ ಮುಂದೆ ಆಡಿ ತೋರಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ಕಾಟ ಕರೆಂಟಿನದು. ಮೂರನೆಯ ರಾತ್ರಿ, ಇನ್ನೇನು ಉತ್ತರ ಬರಬೇಕು ಎನ್ನುವಾಗ ದೀಪ ಹೋಗಿ ಎಲ್ಲವೂ ಅರ್ಧಕ್ಕೆ ನಿಲ್ಲುತ್ತಿತ್ತು. ಅರ್ಧಕ್ಕೆ ನಿಂತ ಪರೀಕ್ಷೆಯನ್ನು ಅವರು ಒಪ್ಪುವುದಿಲ್ಲ. ಸೊನ್ನೆಯಿಂದ ಮತ್ತೆ ಶುರು. ಕೊನೆಗೆ ಕಾರ್ಖಾನೆಯ ಎಲೆಕ್ಟ್ರಿಷಿಯನ್ನರಿಂದ ಕೇಳಿ ಕಲಿತು, ತಾವೇ ಕೂತು ಆ ಬ್ಯಾಟರಿಯ ಪೆಟ್ಟಿಗೆಯನ್ನು ಜೋಡಿಸಿದರು. ಗುಂಪಿನಲ್ಲಿ ಅದಕ್ಕೊಂದು ಖ್ಯಾತಿಯೇ ಇದೆ. ಬೇರೆಯವರ ಮನೆಗಳಲ್ಲಿ ಪರೀಕ್ಷೆ ಕೆಡುತ್ತದೆ, ಅಕ್ಕನ ಮನೆಯಲ್ಲಿ ಕೆಡುವುದಿಲ್ಲ.

"ಅದು ಬಂದಮೇಲೆ ಒಂದು ಪರೀಕ್ಷೆನೂ ಮಧ್ಯದಲ್ಲಿ ನಿಂತಿಲ್ಲ," ಎನ್ನುತ್ತಾರೆ. ಆಮೇಲೆ ಟೀ ಲೋಟದ ಅಂಚನ್ನು ಬೆರಳಿನಿಂದ ಒರೆಸಿ, "ಒಂದೇ ಒಂದ್ಸಲ ಬಿಟ್ಟು," ಎಂದು ಸೇರಿಸುತ್ತಾರೆ. ನಾನು ಕೇಳುವಷ್ಟರಲ್ಲಿ ಕಾರ್ಖಾನೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಡುತ್ತಾರೆ.

ಆ ಒಂದು ಸಲದ ಕಥೆ ಹೇಳಿದ್ದು ಮಾವ. ಸೊಸೆ ಹೋದ ಮೇಲೆ ಮಹಡಿಯಲ್ಲಿ ಬಟ್ಟೆ ಒಣಹಾಕುವಾಗ, ನಾನು ಕೇಳದೆಯೇ. ತೆಳ್ಳಗಿನ ಮನುಷ್ಯ. ಒದ್ದೆ ಕರವಸ್ತ್ರವನ್ನೂ ಹಗ್ಗಕ್ಕೆ ಹಾಕುವ ಮೊದಲು ನಾಲ್ಕು ಮಡಿಕೆ ಮಾಡಿ ಹಿಂಡುತ್ತಾರೆ.

ಗುಂಪಿನಲ್ಲಿ ಒಂದು ಪದ್ಧತಿಯಿದೆ. ಹೊಸ ಕತ್ತರಿಗಳಿಗೆ ಮಾತ್ರವಲ್ಲ, ಹಳೆಯವಕ್ಕೂ ಪರೀಕ್ಷೆ. ವರ್ಷಕ್ಕೊಮ್ಮೆ ಕಪಾಟು ಖಾಲಿ ಮಾಡುವಂತೆ ಒಂದೊಂದನ್ನೇ ತೆಗೆದು ಆಡಿಸುತ್ತಾರೆ. ತೆಗೆದರೂ ಅಳಿಲು ಬಡವಾಗದಿದ್ದರೆ ಅದು ಮತ್ತೆ ಒಳಗೆ ಬರುವುದಿಲ್ಲ. ಈ ವರ್ಷ ಪಂದ್ಯಾವಳಿಗೆ ಮುಂಚೆ ಸರದಿ ಬಂದದ್ದು 'ಹಿನ್ನಡೆ ಕತ್ತರಿ'ಗೆ. ಲೆಕ್ಕಾಚಾರ ಆಳಕ್ಕೆ ಇಳಿದಾಗ, ಹಿಂದಕ್ಕೆ ಸರಿಯುವ ಕಾಯಿಗಳ ನಡೆಯನ್ನು ನೋಡದೆ ಬಿಡು ಎನ್ನುವ ನಿಯಮ ಅದು. ಮಾವ ಮೊದಲ ವರ್ಷವೇ ಬರೆದದ್ದು. ಯಂತ್ರಗಳು ನಿಧಾನವಾಗಿದ್ದ ಕಾಲದಲ್ಲಿ ಅದು ಉಳಿಸಿದ ಸಮಯದಿಂದಲೇ ಅಳಿಲು ತನ್ನ ಮೊದಲ ಪಂದ್ಯಾವಳಿ ಗೆದ್ದಿತ್ತು. ಉಳಿದವರು ಬಂದಮೇಲೆ ಮಾವ ಬರೆದ ಸಾಲುಗಳು ಒಂದೊಂದಾಗಿ ಹೋಗಿ, ಪೂರ್ತಿ ಅವರದೇ ಎನ್ನುವಂಥದ್ದು ಅದೊಂದು ಉಳಿದಿತ್ತು.

"ಪರೀಕ್ಷೆಗೆ ಹಾಕ್ತಿದೀನಿ ಮಾವ ಅಂತ ಅವಳೇ ಹೇಳಿದ್ಲು. ಹಾಕಮ್ಮ ಅಂದೆ. ಬಾಯಿ ಅಂದಿದ್ದು ಅಷ್ಟೆ," ಎನ್ನುತ್ತಾರೆ ಮಾವ. "ಎರಡನೇ ರಾತ್ರಿ ನಿದ್ದೆ ಬರಲಿಲ್ಲ. ನೋಡೋಣ ಅಂತ ಹೋದೆ, ಅಷ್ಟೇ ಇದ್ದಿದ್ದು ಮನಸ್ಸಲ್ಲಿ. ಕವರ್ ತೆಗೆದೆ. ನನ್ನ ಕತ್ತರಿ ಇರೋ ಅಳಿಲು ಮುಂದಿತ್ತು. ತುಂಬಾ ಇಲ್ಲ, ಸ್ವಲ್ಪ. ಆದ್ರೆ ಮುಂದಿತ್ತು. ಕೈ ತಾನಾಗೇ ಹೋಯ್ತು. ಒಂದು ಗುಂಡಿ. ಟಕ್."

ಮುಂದಿದ್ದಾಗ ನಿಲ್ಲಿಸಬಾರದು. ಸೊಸೆಯಿಂದ ಅವರು ಕಲಿತ ಮೊದಲ ಪಾಠ ಅದು. ಆಮೇಲೆ ಗುಂಪಿಗೆ ಬಂದವರಿಗೆಲ್ಲ ಅದನ್ನು ಕಲಿಸಿದವರೂ ಅವರೇ.

"ಬಂದು ಮಲಗಿದೆ. ಬೆಳಗಾಗೋ ಹೊತ್ತಿಗೆ ನೆನಪಾಯ್ತು. ಕವರನ್ನ ಅಭ್ಯಾಸಬಲದಿಂದ ನಾಲ್ಕು ಮಡಿಕೆ ಮಾಡಿ ಕೀಬೋರ್ಡ್ ಪಕ್ಕ ಇಟ್ಟುಬಂದಿದ್ದೆ. ಈ ಮನೆಯಲ್ಲಿ ಹಾಗೆ ಮಡಚೋನು ನಾನೊಬ್ಬನೇ. ನನ್ನ ಹೆಂಡತಿ ಕೇಳಿ, ಹೇಳ್ತಾಳೆ. ಎದ್ದು ಹೋಗಿ ಮತ್ತೆ ಹೊದಿಸೋಣ ಅಂದ್ರೆ ಅಷ್ಟೊತ್ತಿಗೆ ಅವಳು ಕೋಣೆಯಲ್ಲಿದ್ಲು."

ಅವರು ಬಾಗಿಲ ಸಂದಿಯಿಂದ ನೋಡುತ್ತಾ ನಿಂತರಂತೆ. ಸೊಸೆ ಮಡಚಿದ ಕವರನ್ನು ಕೈಗೆ ತೆಗೆದುಕೊಂಡರು. ಮಡಿಕೆ ಬಿಚ್ಚಲಿಲ್ಲ, ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತರು. ಆಮೇಲೆ ಒಮ್ಮೆ ಜೋರಾಗಿ ಒದರಿ ಪರದೆಗೆ ಹೊದಿಸಿದರು. ಪರೀಕ್ಷೆಯನ್ನು ಸೊನ್ನೆಯಿಂದ ಶುರು ಮಾಡಿದರು. ಹೊರಬಂದು ಮಾವನ ಕೈಗೆ ಟೀ ಕೊಟ್ಟು, "ರಾತ್ರಿ ಕರೆಂಟ್ ಹೋಗಿತ್ತು ಅನ್ಸತ್ತೆ ಮಾವ. ಬ್ಯಾಟರಿ ಕೈ ಕೊಟ್ಟಿದೆ. ಮತ್ತೆ ಹಾಕಿದೀನಿ," ಎಂದರು.

"ನೀವೇನಂದ್ರಿ?"

"'ಹೌದಾ' ಅಂದೆ."

ಗುಂಪಿಗೂ ಅಂಪೈರಕ್ಕ ಅದನ್ನೇ ಬರೆದರು. ಅಕ್ಕನ ಬ್ಯಾಟರಿಗೂ ವಯಸ್ಸಾಯಿತೆಂದು ಎಲ್ಲರೂ ರೇಗಿಸಿದರು. ಗುಂಪಿನ ಮುಖ್ಯಸ್ಥರು ಹಲ್ಲಿನ ಡಾಕ್ಟರು, ಕ್ಯಾಪ್ಟನ್ ಎಂದೇ ಎಲ್ಲರ ಬಾಯಲ್ಲಿ. "ಅಕ್ಕ, ಕೀಳಿಸೋ ಕಾಲ ಬಂತು ಅನ್ಸತ್ತೆ. ಹೊಸದು ಕಳಿಸ್ಲಾ?" ಎಂದು ಕೇಳಿದರು. "ಬೇಡ, ಸರಿಮಾಡ್ಕೊಂಡಿದೀನಿ," ಎಂದು ಇವರ ಉತ್ತರ. ಕೆಡದೇ ಇದ್ದ ಪೆಟ್ಟಿಗೆಗೆ ಕೆಟ್ಟದ್ದೆಂಬ ಹೆಸರು ಅಂಟಿತು. ಈಗಲೂ ಯಾರ ಪರೀಕ್ಷೆ ನಿಂತರೂ ಗುಂಪಿನಲ್ಲಿ 'ಅಕ್ಕನ ಬ್ಯಾಟರಿ ಆಯ್ತಾ' ಎನ್ನುವ ತಮಾಷೆ ನಡೆಯುತ್ತದೆ.

ಎರಡನೆಯ ಸಲ ಪರೀಕ್ಷೆ ಪೂರ್ತಿ ಓಡಿತು. ಮೊದಮೊದಲು ಮುಂದಿದ್ದ ಹಿನ್ನಡೆ ಕತ್ತರಿ ಆಮೇಲೆ ಸಮಕ್ಕೆ ಇಳಿಯಿತು. ಗಂಟೆ ಹೊಡೆದಾಗ ಉತ್ತರ ಸ್ಪಷ್ಟವಾಗಿತ್ತು: ತೆಗೆದರೆ ಯಾವ ನಷ್ಟವೂ ಇಲ್ಲ. ಕ್ಯಾಪ್ಟನ್ನರಿಗೇ ಮನಸ್ಸು ಬರಲಿಲ್ಲ. "ಇರಲಿ ಬಿಡಿ ಅಕ್ಕ, ಅಂಕಲ್ ಬರೆದಿದ್ದು. ಹತ್ತು ಸಾಲು ತಾನೆ," ಎಂದರು. ಅಂಪೈರಕ್ಕ ಬಗ್ಗಲಿಲ್ಲ. "ಯಾರು ಬರೆದ್ರು ಅಂತ ಅಳಿಲಿಗೆ ಗೊತ್ತಿಲ್ಲ," ಎಂದಷ್ಟೇ ಹೇಳಿದರು.

ಮಾವ ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕೂತರು. ಆ ಸಾಲುಗಳನ್ನು ತಾವೇ ಅಳಿಸಿದರು.

"ನನ್ನ ಬಗ್ಗೆ ಸುಳ್ಳು ಹೇಳಿದ್ಲು. ಕತ್ತರಿ ಬಗ್ಗೆ ಹೇಳಲಿಲ್ಲ ನೋಡಿ," ಎಂದು ಮಾವ ನನ್ನ ಮುಖವನ್ನೇ ನೋಡುತ್ತಾರೆ, ಅರ್ಥವಾಯಿತೇ ಎನ್ನುವಂತೆ. ಈ ವರ್ಷದ ಪಂದ್ಯಾವಳಿಯ ಒಂದು ಆಟವನ್ನು ಅವರು ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ. ಸೋಲುವಂತಿದ್ದ ಅಳಿಲು, ಎದುರಾಳಿಯ ಕೋಟೆಯ ಮುಂದೆ ನಿಂತಿದ್ದ ಕುದುರೆಯನ್ನು ಸುಮ್ಮನೆ ಹಿಂದಕ್ಕೆ ತಂದು ನಿಲ್ಲಿಸುತ್ತದೆ. ಆರು ನಡೆಗಳಾದ ಮೇಲೆ ಎದುರಾಳಿಯ ರಾಣಿ ಸಿಕ್ಕಿಬೀಳುತ್ತಾಳೆ. "ನನ್ನ ಕತ್ತರಿ ಇದ್ದಿದ್ರೆ ಈ ನಡೆ ಅದಕ್ಕೆ ಕಾಣ್ತಾನೇ ಇರಲಿಲ್ಲ," ಎಂದು ಕುದುರೆಯನ್ನು ಮತ್ತೆ ಮುಂದೆ ಇಟ್ಟು, ಮತ್ತೆ ಹಿಂದೆ ತಂದು ತೋರಿಸುತ್ತಾರೆ. ಗೆದ್ದದ್ದು ತಾವೇ ಎನ್ನುವಷ್ಟು ಖುಷಿ.

"ಇದನ್ನೆಲ್ಲ ಬರೆಯಬಹುದಾ?" ನಾನು ಹಿಂಜರಿಯುತ್ತಲೇ ಕೇಳುತ್ತೇನೆ.

"ಬರೀಲಿ ಅಂತಲೇ ಹೇಳಿದ್ದು. ಆ ಬ್ಯಾಟರಿ ಯಾವತ್ತೂ ಕೈ ಕೊಟ್ಟಿಲ್ಲ, ಅದನ್ನ ಬರೀರಿ. ನಿಲ್ಲಿಸಿದ್ದು ನಾನು ಅಂತಾನೂ ಬರೀರಿ. ಎದುರು ನಿಂತು ಹೇಳೋಕೆ ನನಗೆ ಬಾಯಿ ಬರಲ್ಲ. ಪೇಪರಲ್ಲಿ ಬಂದ್ರೆ ಅವಳು ಓದ್ತಾಳೆ. ಅಷ್ಟೊತ್ತಿಗೆ ನಾನು ವಾಕಿಂಗ್ ಹೋಗಿರ್ತೀನಿ."

"ಏನ್ರೀ ಅದು ಮಹಡಿ ಮೇಲೆ ಅಷ್ಟುದ್ದ ಭಾಷಣ? ಬಟ್ಟೆ ಒಣಗಿ ಮಡಚೋ ಹೊತ್ತಾಯ್ತು," ಕೆಳಗಿನಿಂದ ಅತ್ತೆ ಕೂಗುತ್ತಾರೆ.

ಸಂಜೆ ಕಾರ್ಖಾನೆಯಿಂದ ಬಂದ ಅಂಪೈರಕ್ಕ ಕೈಕಾಲು ತೊಳೆದವರೇ ಕೋಣೆಗೆ ಹೋಗುತ್ತಾರೆ. ಹಗಲಿನಲ್ಲಿ ಗಂಟೆ ಹೊಡೆದಾಗಿದೆ. ಕವರ್ ಎತ್ತಿ ನೋಡಿ, ಕ್ಯಾಪ್ಟನ್ನರ ಹೊಸ ಉಪಾಯಕ್ಕೆ 'ಬೇಡ' ಎಂದು ಬರೆದು ಕಳಿಸುತ್ತಾರೆ. ಹತ್ತರಲ್ಲಿ ಒಂಬತ್ತಕ್ಕೆ ಇದೇ ಉತ್ತರವಂತೆ. ಬೇಜಾರು ಮಾಡಿಕೊಳ್ಳುವುದಿಲ್ಲವೇ ಅವರು? "ಹಲ್ಲಿನ ಡಾಕ್ಟ್ರಲ್ವಾ, ನೋವು ತಡೆಯೋದು ಗೊತ್ತಿರತ್ತೆ," ಎಂದು ಮುಂದಿನ ಪರೀಕ್ಷೆ ಜೋಡಿಸತೊಡಗುತ್ತಾರೆ.

ನಿಮ್ಮ ಹೆಸರೂ ಆ ಪಟ್ಟಿಯಲ್ಲಿ ಬರಬೇಕು ಎನ್ನಿಸುವುದಿಲ್ಲವೇ ಎಂದು ಕೇಳುತ್ತೇನೆ. ತಲೆ ಎತ್ತದೆಯೇ ಉತ್ತರಿಸುತ್ತಾರೆ: "ಅಂಪೈರ್ ಹೆಸರು ಜನಕ್ಕೆ ನೆನಪಿರೋದು ಅವನು ತಪ್ಪು ತೀರ್ಪು ಕೊಟ್ಟಾಗ. ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಅಂದ್ರೆ ಕೆಲಸ ಸರಿಯಾಗಿದೆ ಅಂತ. ಆ ಕಿಟಕಿಗೊಂದು ನೆರಳು ಹಾಕಿಸಿಬಿ‌ಟ್ರೆ ಸಾಕು, ಮಧ್ಯಾಹ್ನದ ಬಿಸಿಲು ನೇರ ಮೆಷಿನ್ ಮೇಲೇ ಬೀಳತ್ತೆ."

ಉಳಿದದ್ದು ಒಂದೇ ಪ್ರಶ್ನೆ. ಮಹಡಿಯ ಮೇಲಿನ ಮಾತನ್ನು ನಾನು ಅವರಿಗೆ ಹೇಳಿಲ್ಲ. ಪಕ್ಕದ ಕೋಣೆಯಲ್ಲಿ ಮಾವ ಪೇಪರ್ ಮಗುಚುತ್ತಿರುವುದು ಕೇಳಿಸುತ್ತಿದೆ.

"ಬೆಳಿಗ್ಗೆ ಒಂದು ಸಲ ಬಿಟ್ಟು ಅಂದ್ರಲ್ಲ. ಆ ರಾತ್ರಿ ಏನಾಗಿತ್ತು?"

"ಕರೆಂಟ್ ಹೋಗಿತ್ತು. ಬ್ಯಾಟರಿ ಕೈ ಕೊಡ್ತು."

"ಟಕ್ ಅಂದಿದ್ದು ಕೇಳಿಸ್ತಾ ನಿಮಗೆ?"

"ಕೇಳಿಸ್ತು."

"ಯಾವ ಟಕ್?"

ಪಕ್ಕದ ಕೋಣೆಯಲ್ಲಿ ಪೇಪರಿನ ಸದ್ದು ನಿಂತಿದೆ. ಅಂಪೈರಕ್ಕ ದಿಂಬಿನ ಕವರನ್ನು ಎರಡೂ ಕೈಯಲ್ಲಿ ಹಿಡಿದು ಒದರುತ್ತಾರೆ, ಪರದೆಯ ಮೇಲೆ ಇಳಿಬಿಟ್ಟು ಮೂಲೆಗಳನ್ನು ಎಳೆದು ಸರಿಮಾಡುತ್ತಾರೆ.

"ಬ್ಯಾಟರಿದು," ಎನ್ನುತ್ತಾರೆ, ಪಕ್ಕದ ಕೋಣೆಗೂ ಕೇಳುವಷ್ಟು ಗಟ್ಟಿಯಾಗಿ. "ಮೆಷಿನ್ ಅಲ್ವಾ. ಒಂದ್ಸಲ ಆಗತ್ತೆ."

ಮಡಚಿದ ಕವರ್ ಕೈಯಲ್ಲಿ ಹಿಡಿದು ನಿಂತ ಆ ಬೆಳಿಗ್ಗೆಯೇ, ಇದನ್ನು ಯಾರಿಗೂ ಹೇಳುವುದಿಲ್ಲವೆಂದು ಅವರು ತೀರ್ಮಾನಿಸಿಯಾಗಿದೆ. ನನಗೂ ಹೇಳುವುದಿಲ್ಲ.